‘ಸ್ವಯಂ’ ಎಂಬ ಮಾತಿನ ಬೆಲೆ

(ನಾಂಪಲ್ಲಿಯಲ್ಲಿ ನಡೆದ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕೆಲವು ವರ್ಷಗಳ ಹಿಂದೆ, ಇಂಥದೇ ಒಂದು ಸಭೆ ಮುಗಿದ ಮೇಲೆ, ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ತುಮಕೂರು ಕಡೆಯವರು, ಇಲ್ಲಿನ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ಲೇಥ್ ಯಂತ್ರದ ಮುಂದೆ ನಿಂತವರು. ಸ್ವಯಂನಿವೃತ್ತಿಯ ಹಣ ಕೈಗೆ ಬಂದಿತ್ತು. ವಸತಿಗೃಹ ತೆರವು ಮಾಡಬೇಕಾಗಿತ್ತು. “ಕೆಲಸ ಹೋದವನಿಗೆ ಬಾಡಿಗೆಗೆ ಸರ್ಕಾರದ ನೆರವು ಇದೆಯೇ ಸಾರ್? ಗೃಹಕಲ್ಪಕ್ಕೆ ಹೋಗಿ ಅರ್ಜಿ ಹಾಕಲೇ?” ಎಂದು ಕೇಳಿದರು. ಮುಕರಂಜಾಹಿ ರಸ್ತೆಯ ಗೃಹನಿರ್ಮಾಣ ಮಂಡಳಿಯ ಆ ಕಟ್ಟಡದ ಹೆಸರು ನಾಂಪಲ್ಲಿಯವರಿಗೆಲ್ಲ ಪರಿಚಿತ. ಆದರೆ ಅಂಥ ಅರ್ಜಿಯ ನಮೂನೆಯೇ ನಮ್ಮಲ್ಲಿಲ್ಲ ಎಂದು ನಾನು ಹೇಳಬೇಕಾಯಿತು.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಯೋಜನೆಯ ಸುತ್ತೋಲೆಯನ್ನು ಅವರು ಮೊದಲೇ ನನಗೆ ತೋರಿಸಿದ್ದರು. ನಾನು ಅಧಿಕಾರಿಯ ಕಣ್ಣಿನಿಂದ ಓದಿ, “ಮೊತ್ತ ಚೆನ್ನಾಗಿದೆ, ತೆಗೆದುಕೊಳ್ಳಿ” ಎಂದಿದ್ದೆ. ಎಲ್ಲಿ ವಾಸಿಸುತ್ತೀರಿ ಎಂದು ಕೇಳಿರಲಿಲ್ಲ. ಹೈದರಾಬಾದಿನಂಥ ನಗರದಲ್ಲಿ ಕೇಂದ್ರ ಸರ್ಕಾರಿ ನೌಕರನ ಮನೆಬಾಡಿಗೆ ಭತ್ಯೆ 2024ರ ಜನವರಿಯಿಂದ ಮೂಲವೇತನದ ಶೇಕಡಾ 30ಕ್ಕೆ ಏರಿತು. ಆ ನೆರಳಿನಲ್ಲಿ ಬದುಕುವ ನನಗೆ ಆ ಪ್ರಶ್ನೆ ಹೊಳೆಯಲೇ ಇಲ್ಲ.

ಈ ಕಥೆ ಒಬ್ಬರದಲ್ಲ. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಆರಂಭವಾದ ಎಚ್.ಎಂ.ಟಿ.ಯ ಕೊಂಬೆಗಳು ಈ ನಗರಕ್ಕೂ ಚಾಚಿದ್ದವು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್.ಎಂ.ಟಿ. ವಾಚಸ್, ಚಿನಾರ್ ವಾಚಸ್ ಮತ್ತು ಹೈದರಾಬಾದಿನ ಎಚ್.ಎಂ.ಟಿ. ಬೇರಿಂಗ್ಸ್, ಈ ಮೂರನ್ನೂ ಮುಚ್ಚಲು ತೀರ್ಮಾನಿಸಿತು. ನೌಕರರಿಗೆ 2007ರ ವೇತನಶ್ರೇಣಿಯ ಲೆಕ್ಕದಲ್ಲಿ ನಿವೃತ್ತಿ ಪರಿಹಾರ ಘೋಷಿಸಿತು. ತುಮಕೂರಿನ ಗಡಿಯಾರ ಕಾರ್ಖಾನೆಯವರೂ ಇಲ್ಲಿನ ಬೇರಿಂಗ್ ಕಾರ್ಖಾನೆಯವರೂ ಒಂದೇ ತೀರ್ಮಾನದ ಕೆಳಗೆ ಬಂದರು.

ಈಗ ‘ಸ್ವಯಂ’ ಎಂಬ ಮಾತನ್ನು ಪರಿಶೀಲಿಸೋಣ. ಸಾರ್ವಜನಿಕ ಉದ್ಯಮಗಳಿಗೆ ಸ್ವಯಂನಿವೃತ್ತಿಯ ಮಾದರಿ ಬಂದದ್ದು 1988ರಲ್ಲಿ. ಅದಕ್ಕೆ ಹಣ ಒದಗಿಸಲೆಂದು ರಾಷ್ಟ್ರೀಯ ನವೀಕರಣ ನಿಧಿ ಹುಟ್ಟಿದ್ದು 1992ರಲ್ಲಿ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯ ಪ್ರಕಾರ, ನೂರು ಅಥವಾ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆ ಜನರನ್ನು ತೆಗೆಯಲು ಸರ್ಕಾರದ ಅನುಮತಿ ಬೇಕಿತ್ತು. ಕಾರ್ಮಿಕ ತಾನೇ ಬರೆದುಕೊಟ್ಟರೆ ಅನುಮತಿಯ ಮಾತೇ ಇಲ್ಲ. ಏಕೆಂದರೆ ಸ್ವಯಂನಿವೃತ್ತಿಯನ್ನು ಕಾಯಿದೆ ‘ಹಿಂತೆಗೆತ’ವೆಂದು ಎಣಿಸುತ್ತಿರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ನೂರನ್ನು ಮುನ್ನೂರಕ್ಕೆ ಏರಿಸಿತು.

ಈ ಮಾತಿನ ಬೆಲೆ ಅಲ್ಲಿಗೇ ನಿಲ್ಲುವುದಿಲ್ಲ. ಕೆಲಸ ಕಳೆದುಕೊಂಡ ವಿಮಾದಾರನಿಗೆ ಕೆಲವು ಕಾಲ ಸಂಬಳದ ಒಂದು ಪಾಲು ಕೊಡುವ ಯೋಜನೆಯನ್ನು ಇ.ಎಸ್.ಐ. 2018ರಲ್ಲಿ ಆರಂಭಿಸಿತು. ಮೊದಲು ಶೇಕಡಾ 25, 2020ರಲ್ಲಿ ಶೇಕಡಾ 50, ಗರಿಷ್ಠ 90 ದಿನ. ಆದರೆ ಸ್ವಯಂನಿವೃತ್ತಿ ಪಡೆದವರಿಗೆ ಅದು ಇಲ್ಲ. ಕಾರ್ಖಾನೆ ಮುಚ್ಚುವುದು ಖಚಿತವಾದ ಮೇಲೆ, ಬೇರೆ ದಾರಿಯಿಲ್ಲದೆ ಹಾಕಿದ ಸಹಿಯೂ ಸ್ವಂತ ಇಚ್ಛೆಯ ಸಹಿಯೇ!

ಬ್ರಿಟನ್ನಿನಲ್ಲಿ ಬಾಡಿಗೆಯ ನೆರವು ಹಕ್ಕಿನ ರೂಪದಲ್ಲಿದೆ. ಅದನ್ನು ‘ಹೌಸಿಂಗ್ ಬೆನಿಫಿಟ್’ ಎನ್ನುತ್ತಿದ್ದರು. 2013ರಿಂದ ದುಡಿಯುವ ವಯಸ್ಸಿನವರ ಮಟ್ಟಿಗೆ ಅದು ಹಂತಹಂತವಾಗಿ ‘ಯೂನಿವರ್ಸಲ್ ಕ್ರೆಡಿಟ್’ನಲ್ಲಿ ಸೇರಿತು. ಅಲ್ಲಿಯೂ ತೊಡಕಿದೆ. ಕೆಲಸ ಹೋದಾಗ ಬಂದ ಪರಿಹಾರ ಉಳಿತಾಯವೆಂದು ಎಣಿಕೆಯಾಗುತ್ತದೆ: 6,000 ಪೌಂಡ್ ಮೀರಿದರೆ ಕಡಿತ, 16,000 ಮೀರಿದರೆ ನೆರವಿಲ್ಲ. ನೆರವು ಪಡೆಯಲೆಂದೇ ಹಣ ಕರಗಿಸಿದರೆ, ಅದು ಕೈಯಲ್ಲೇ ಇದೆ ಎಂದು ಲೆಕ್ಕ ಹಾಕುತ್ತಾರೆ. ಆದರೂ ಹಣ ಮುಗಿದ ದಿನ ತಟ್ಟಲು ಅಲ್ಲೊಂದು ಬಾಗಿಲಿದೆ.

ನಮ್ಮಲ್ಲಿ ಬಾಡಿಗೆಗೆ ಬಾಗಿಲಿಲ್ಲ, ಮನೆಗೆ ಉಂಟು. 2015ರ ಪ್ರಧಾನಮಂತ್ರಿ ಆವಾಸ್ ಯೋಜನೆ ಕೇಳಿದ್ದು ಎರಡು ಪ್ರಶ್ನೆ: ವಾರ್ಷಿಕ ವರಮಾನವೆಷ್ಟು? ಭಾರತದಲ್ಲಿ ಎಲ್ಲಿಯಾದರೂ ಪಕ್ಕಾ ಮನೆ ಇದೆಯೇ? ಎರಡನೆಯ ಪ್ರಶ್ನೆಗೆ ನಮ್ಮಂಥ ಹೊರನಾಡಿಗರು ಸುಮ್ಮನೆ ಹೆದರುತ್ತೇವೆ. ಯೋಜನೆಯ ಲೆಕ್ಕದಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಊರಿನಲ್ಲಿ ತಂದೆಯ ಹೆಸರಿನಲ್ಲಿರುವ ಮನೆ ನಿಮ್ಮ ಮನೆಯಲ್ಲ. ನಮ್ಮ ಸದಸ್ಯರು ಈ ಭಯದಿಂದಲೇ ಬಹುಕಾಲ ಅರ್ಜಿ ಹಾಕಿರಲಿಲ್ಲ.

ಅವರ ಸ್ಥಿತಿ ವಿಚಿತ್ರವಾಗಿತ್ತು. ಕೈಯಲ್ಲಿ ಹಣವಿದೆ, ಸಂಬಳದ ಚೀಟಿಯಿಲ್ಲ. ಆದ್ದರಿಂದ ಬ್ಯಾಂಕಿನ ಸಾಲವಿಲ್ಲ. “ಎಲ್ಲಿ ಕೆಲಸ?” ಎಂಬ ಪ್ರಶ್ನೆಗೆ ಉತ್ತರವಿಲ್ಲದವನಿಗೆ ಬಾಡಿಗೆಮನೆಯೂ ಸಿಗುತ್ತಿರಲಿಲ್ಲ. ಕೊನೆಗೆ ಸಂಘದ ಇಬ್ಬರು ಹಿರಿಯರು ಮನೆಮಾಲೀಕನ ಮುಂದೆ ನಿಂತು ಹೊಣೆ ಹೊತ್ತರು, ಮನೆ ಸಿಕ್ಕಿತು. ಮೂರು ವರ್ಷದಲ್ಲಿ ಪರಿಹಾರದ ಅರ್ಧ ಹಣ ಬಾಡಿಗೆಗೂ ಮಗಳ ಓದಿಗೂ ಕರಗಿತು. ಹುಡುಗಿ ಓದು ಮುಗಿಸಿದಳು ಎಂಬುದೊಂದೇ ಸಮಾಧಾನ.

ಬಂಧುಗಳೇ, ರಾಜ್ಯೋತ್ಸವ ನಡೆಸುವುದು ನಮ್ಮ ಕರ್ತವ್ಯ, ಸಂದೇಹವಿಲ್ಲ. ಅದರ ಜೊತೆಗೆ ತಿಂಗಳಿಗೊಂದು ಭಾನುವಾರ ಇಲ್ಲಿ ಒಂದು ಮೇಜು ಹಾಕೋಣ. ಸುತ್ತೋಲೆ ಓದಬಲ್ಲವರು ಕುಳಿತುಕೊಳ್ಳಲಿ. ಸಹಿ ಹಾಕುವ ಮೊದಲು ಜನ ಬರಲಿ. ಮುಚ್ಚುವ ಕಾರ್ಖಾನೆಯಲ್ಲಿ ಪಡೆದ ನಿವೃತ್ತಿಯನ್ನು ನಿರುದ್ಯೋಗವೆಂದೇ ಪರಿಗಣಿಸಬೇಕೆಂದು, ಒಂದು ವರ್ಷದ ಬಾಡಿಗೆಯ ನೆರವು ಕೊಡಬೇಕೆಂದು ಸಂಘ ನಿರ್ಣಯ ಮಾಡಿ ಕಳುಹಿಸಲಿ. ಆ ಮೇಜಿನ ಮೊದಲ ಕುರ್ಚಿಯಲ್ಲಿ ನಾನು ಕುಳಿತುಕೊಳ್ಳುತ್ತೇನೆ. ಮೊತ್ತವೆಷ್ಟು ಎಂದು ಕೇಳುವ ಮೊದಲು, ಎಲ್ಲಿ ವಾಸಿಸುತ್ತೀರಿ ಎಂದು ಕೇಳುತ್ತೇನೆ.