ತಿಪ್ಪೆಯ ಬಿಸಿ

(ಶತಮಾನೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



1878ರಲ್ಲಿ ರಾಜಾಜಿಯವರು ಜನಿಸಿದ ಈ ತೊರಪಲ್ಲಿ ಅಗ್ರಹಾರದಲ್ಲಿ ಮಾತನಾಡುವವರು ದೊಡ್ಡವರನ್ನು ಸ್ಮರಿಸುವುದು ವಾಡಿಕೆ. ನಾನು ಒಂದು ತಿಪ್ಪೆಯನ್ನು ಸ್ಮರಿಸುವೆನು, ಮನ್ನಿಸಬೇಕು.

ಧನುರ್ಮಾಸದ ಚಳಿಯಲ್ಲಿ ಒಂದು ಬೆಳಿಗ್ಗೆ, ಶಾಲೆಯ ದಾರಿಯಲ್ಲಿದ್ದ ತಿಪ್ಪೆಯಿಂದ ಹಬೆ ಏಳುತ್ತಿತ್ತು. ಬೆಂಕಿಯಿಲ್ಲದೆ ಬಿಸಿ ಎಲ್ಲಿಂದ ಬಂತೆಂದು ಮೇಷ್ಟ್ರನ್ನು ಕೇಳಿದೆ. “ನನಗೂ ಸರಿಯಾಗಿ ತಿಳಿಯದಪ್ಪ. ನೀನು ಓದಿ ತಿಳಿದುಕೊಂಡು ಬಂದು ನನಗೆ ಹೇಳು” ಎಂದರು. ಉತ್ತರ ದೊರೆಯುವ ವೇಳೆಗೆ ಅವರು ಈ ಲೋಕದಲ್ಲಿರಲಿಲ್ಲ. ಅವರಿಗೆ ಒಪ್ಪಿಸಬೇಕಾಗಿದ್ದ ಪಾಠವನ್ನು ಈ ಸಭೆಗೆ ಒಪ್ಪಿಸುತ್ತಿದ್ದೇನೆ.

ತಿಪ್ಪೆಗೆ ಹಾಕಿದ ರಾಗಿಹುಲ್ಲು, ಸಗಣಿಗಳನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ. ಅವುಗಳ ಉಸಿರಾಟದ ಶಾಖ ಹೊರಹೋಗದೆ ಒಳಗೇ ಸೇರಿ, ತಿಪ್ಪೆಯ ಒಡಲು 50 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸಾಮಾನ್ಯ ಬೂಷ್ಟು ಅಲ್ಲಿ ಬೆಳೆಯಲಾರದು. ಉಷ್ಣಪ್ರಿಯ ಶಿಲೀಂಧ್ರಗಳು ಮಾತ್ರ ಹುಲುಸಾಗಿ ಬೆಳೆಯುತ್ತವೆ. ಶಿಲೀಂಧ್ರಕ್ಕೆ ಬಾಯಿಯಿಲ್ಲ, ಹೊಟ್ಟೆಯಿಲ್ಲ. ಅದು ಕಿಣ್ವಗಳನ್ನು ಮೈಯಿಂದ ಹೊರಗೆ ಸ್ರವಿಸಿ, ಹುಲ್ಲಿನ ನಾರನ್ನು ಸಕ್ಕರೆಯಾಗಿ ಒಡೆದು, ಬಳಿಕ ಹೀರಿಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ರಮೇಶ್ ಮಹೇಶ್ವರಿಯವರು ಇಂಥ ಶಿಲೀಂಧ್ರಗಳನ್ನೂ ಅವುಗಳ ಕಿಣ್ವಗಳನ್ನೂ ದೀರ್ಘಕಾಲ ಅಭ್ಯಸಿಸಿದರು.

ಅವರು ಅಭ್ಯಸಿಸಿದ ಮತ್ತೊಂದು ಶಿಲೀಂಧ್ರ ನ್ಯೂರೋಸ್ಪೋರ. ಕಬ್ಬು ಕಡಿದ ಗದ್ದೆಗೆ ಬೆಂಕಿಯಿಟ್ಟ ಕೆಲವು ದಿನಗಳಲ್ಲಿ, ಸುಟ್ಟ ಕೂಳೆಗಳ ಮೇಲೆ ಕಿತ್ತಳೆ ಬಣ್ಣದ ಹುಡಿಯಂತೆ ಇದು ಕಾಣಿಸಿಕೊಳ್ಳುತ್ತದೆ. ನಿದ್ರಿಸುತ್ತಿದ್ದ ಬೀಜಕಗಳನ್ನು ಎಬ್ಬಿಸುವುದು ಶಾಖವೇ.

ಹಾಗಾದರೆ ಕಿಣ್ವವನ್ನು ತಯಾರಿಸುವ ವಿದ್ಯೆಯನ್ನು ಶಿಲೀಂಧ್ರಕ್ಕೆ ಹೇಳಿಕೊಟ್ಟವರಾರು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ನ್ಯೂರೋಸ್ಪೋರದಿಂದಲೇ. ಅಮೆರಿಕದ ಜಾರ್ಜ್ ಬೀಡಲ್ ಮತ್ತು ಎಡ್ವರ್ಡ್ ಟೇಟಮ್ ಇದರ ಮೇಲೆ ಎಕ್ಸ್-ಕಿರಣ ಹಾಯಿಸಿ, ಹುಟ್ಟಿದ ಸಂತತಿಯನ್ನು ಒಂದೊಂದಾಗಿ ಬೆಳೆಸಿ ನೋಡಿದರು. 298 ಬಾರಿ ನಿರೀಕ್ಷಿಸಿದ್ದು ಕಾಣಲಿಲ್ಲ. 299ನೆಯದು ಬಿ6 ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳಲಾರದೆ, ಹೊರಗಿನಿಂದ ಕೊಟ್ಟರೆ ಮಾತ್ರ ಬೆಳೆಯಿತು. ಒಂದು ವಂಶವಾಹಿ ಕೆಟ್ಟರೆ ಒಂದು ಕಿಣ್ವದ ಕೆಲಸ ನಿಲ್ಲುತ್ತದೆಂಬ ತತ್ತ್ವ 1941ರಲ್ಲಿ ಹೀಗೆ ಬೆಳಕಿಗೆ ಬಂತು. ಮುಂದೆ ಅದಕ್ಕೆ ತಿದ್ದುಪಡಿಗಳಾದರೂ ತಿರುಳು ಉಳಿದಿದೆ. 1958ರಲ್ಲಿ ಇಬ್ಬರೂ ನೊಬೆಲ್ ಪುರಸ್ಕಾರಕ್ಕೆ ಪಾತ್ರರಾದರು.

ವಂಶವಾಹಿಯೇ ಕಿಣ್ವದ ಪಾಕವಿಧಾನವೆಂದ ಮೇಲೆ, ಅದನ್ನು ಒಂದು ಜೀವಿಯಿಂದ ಮತ್ತೊಂದಕ್ಕೆ ಕೊಡಬಹುದಲ್ಲವೇ? ಥರ್ಮೋಮೈಸಿಸ್ ಲಾನುಜಿನೋಸಸ್ ಎಂಬ ಉಷ್ಣಪ್ರಿಯ ಶಿಲೀಂಧ್ರ ಜಿಡ್ಡನ್ನು ಒಡೆಯುವ ಕಿಣ್ವವನ್ನು ತಯಾರಿಸುತ್ತದೆ. ಆದರೆ ಕೈಗಾರಿಕೆಗೆ ಸಾಲುವಷ್ಟಲ್ಲ. ಡೆನ್ಮಾರ್ಕಿನ ನೋವೋ ಸಂಸ್ಥೆಯವರು ಅದರ ವಂಶವಾಹಿಯನ್ನು ಆಸ್ಪರ್ಜಿಲಸ್ ಒರೈಜೆ ಎಂಬ, ಜಪಾನೀಯರು ಅಡುಗೆಗೆ ಬಳಸುತ್ತ ಬಂದ ಬೂಷ್ಟಿಗೆ ಸೇರಿಸಿ ಹೇರಳವಾಗಿ ಪಡೆದರು. 1988ರಲ್ಲಿ ಅದು ಬಟ್ಟೆ ಒಗೆಯುವ ಪುಡಿಗೆ ಬಂತು. ತಿಪ್ಪೆಯಲ್ಲಿ ಬಾಳುವ ಬೂಷ್ಟಿನ ವಿದ್ಯೆ ಹೀಗೆ ನಮ್ಮ ಬಟ್ಟೆಯ ಎಣ್ಣೆಕಲೆಯನ್ನು ತೆಗೆಯುತ್ತಿದೆ.

ಪೋಷಕರಲ್ಲಿ ಒಂದು ಮಾತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಆಡುವವರು ನಾವು. ಕನ್ನಡದಲ್ಲಿ ಓದಿದ ಮಗುವಿಗೆ ವಿಜ್ಞಾನ ಹತ್ತೀತೇ ಎಂಬ ಅಳುಕು ನಿಮಗಿರುವುದನ್ನು ಬಲ್ಲೆ. ಕಾಲೇಜಿನಲ್ಲಿ ಮೊದಲ ವರ್ಷ ನಾನು ಇಂಗ್ಲಿಷಿಗೆ ಹೆದರಿ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕುಳಿತವನೇ. ಇಂಗ್ಲಿಷನ್ನು ಕಷ್ಟಪಟ್ಟು ಕಲಿತೆ, ಕಲಿಯಲೇಬೇಕು. ಆದರೆ ಅಲ್ಲಿಗೆ ನನ್ನನ್ನು ಕರೆದೊಯ್ದ ಪ್ರಶ್ನೆ ಕನ್ನಡದಲ್ಲಿ ಹುಟ್ಟಿತ್ತು. ಅದನ್ನು ಕೇಳಲು ನನಗೆ ಯಾವ ಅಂಜಿಕೆಯೂ ಇರಲಿಲ್ಲ.

ಬೀಡಲ್ ನೆಬ್ರಾಸ್ಕದ ರೈತನ ಮಗ. ಹೊಲದಲ್ಲೇ ಉಳಿಯಬಹುದಾಗಿದ್ದ ಹುಡುಗನನ್ನು ಕಾಲೇಜಿಗೆ ಹೋಗೆಂದು ಒಪ್ಪಿಸಿದವರು ಅವರ ಶಾಲೆಯ ಶಿಕ್ಷಕಿ. ನೂರು ವರ್ಷಗಳಿಂದ ಈ ಶಾಲೆ ಮಾಡುತ್ತ ಬಂದ ಕೆಲಸವೂ ಅದೇ. ಅದು ಮುಂದುವರಿಯಬೇಕಾದರೆ ಈ ಬೆಂಚುಗಳಲ್ಲಿ ಮಕ್ಕಳಿರಬೇಕು.

ಗುರುಗಳೇ, ಮಗು ಕೇಳಿದ್ದಕ್ಕೆ ಉತ್ತರ ತಿಳಿಯದಿದ್ದರೆ ತಿಳಿಯದೆನ್ನಲು ಅಂಜಬೇಡಿ. ನನ್ನ ಮೇಷ್ಟ್ರ ಆ ಒಂದು ಮಾತು ನನಗೆ ಜೀವಮಾನದ ಕೆಲಸವನ್ನು ಕೊಟ್ಟಿತು.