ಒಂದೇ ಅಚ್ಚಿನ ದೋಣಿಗಳು

ಔರಾದದಲ್ಲಿ ಹುಟ್ಟಿದವನು ಹಾಯಿದೋಣಿಯ ವಿಷಯ ಮಾತನಾಡಹೊರಟರೆ ಕೇಳುವವರಿಗೆ ನಗು ಬರುವುದು ಸಹಜ. ನಮ್ಮ ಪಾಲಿಗೆ ಬಂದ ನೀರೆಂದರೆ ಮಾಂಜ್ರಾ ಹೊಳೆ. ಬೇಸಗೆಯಲ್ಲಿ ಅದಕ್ಕೇ ನೀರಿನ ಬಡತನ. ಹಾಯಿಯನ್ನು ನಾನು ಮೊದಲು ಕಂಡದ್ದು ಹೈದರಾಬಾದಿನ ಹುಸೇನ್ ಸಾಗರದಲ್ಲಿ. ಅಲ್ಲಿ ನೆಲೆಸಿರುವ ನನ್ನ ಅಕ್ಕನ ಮಗ ಹತ್ತನೆಯ ವಯಸ್ಸಿಗೇ ಆ ಹುಚ್ಚು ಹತ್ತಿಸಿಕೊಂಡಿದ್ದ.

ಮಕ್ಕಳು ನಡೆಸುವ ಆ ದೋಣಿಯ ಹೆಸರು ಆಪ್ಟಿಮಿಸ್ಟ್. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತ ಅದನ್ನು ರೂಪಿಸಿದ. ಐವತ್ತು ಡಾಲರಿನೊಳಗೆ ಆಗಬೇಕೆಂಬುದು ಅವನ ಮುಂದಿದ್ದ ಕರಾರು. ಎಂಟು ಅಡಿಯ ಪ್ಲೈವುಡ್ ಹಲಗೆಯಿಂದ ಕೊಯ್ಯಬೇಕಾದ್ದರಿಂದ ದೋಣಿಯೂ ಎಂಟು ಅಡಿ ಮೀರಲಿಲ್ಲ. ಮೂತಿ ಮೊಂಡಾಗಿಯೇ ಉಳಿಯಿತು. ಈಗ ಗಾಜಿನ ನಾರಿನಲ್ಲಿ ಎರಕ ಹೊಯ್ದಂತೆ ಮಾಡುತ್ತಾರೆ. ಐವತ್ತು ಡಾಲರಿನ ಮಾತು ಅಜ್ಜಿಕಥೆಯಾಗಿದೆ.

ಎಲ್ಲರಿಗೂ ಒಂದೇ ಅಳತೆ, ಒಂದೇ ಹಾಯಿ. ಗೆದ್ದವನು ಗೆದ್ದದ್ದು ಹಣದಿಂದಲ್ಲ, ಕೈಚಳಕದಿಂದ. ಈ ತತ್ತ್ವ ಒಪ್ಪತಕ್ಕದ್ದೇ. ಆದರೆ ಬೀದರ ಸೀಮೆಯವರಿಗೆ ಬೇರೊಂದು ಸಂಗತಿಯೂ ಗೊತ್ತಿದೆ. ಒಂದೇ ಆಕಾರದ ಎರಡು ಬಿದರಿ ಹೂಜಿಗಳಲ್ಲಿ ಒಂದರ ಬೆಳ್ಳಿ ತಂತಿ ಆಳಕ್ಕೆ ಕೂತಿರುತ್ತದೆ, ಇನ್ನೊಂದರದು ಮೇಲೆ ಮೇಲೆ. ಅಂಗಡಿಯಲ್ಲಿ ಎರಡೂ ಒಂದೇ. ವರ್ಷಗಟ್ಟಲೆ ಉಜ್ಜಿದ ಮೇಲೆ ಭೇದ ತಿಳಿಯುತ್ತದೆ.

ದೋಣಿಯ ಮಾತೂ ಹಾಗೆಯೇ. ಆಪ್ಟಿಮಿಸ್ಟಿನ ಒಡಲು 35 ಕಿಲೊಗಿಂತ ಕಡಿಮೆ ತೂಗಬಾರದೆಂದು ನಿಯಮವಿದೆ. ಆದರೆ ತೂಕವೊಂದು ಸರಿಯಿದ್ದರೆ ಸಾಲದು. ಭಾರವೆಲ್ಲ ಎರಡು ತುದಿಗಳಲ್ಲಿ ಸೇರಿಕೊಂಡಿದ್ದರೆ ದೋಣಿ ಅಲೆಅಲೆಗೂ ತಲೆಯಾಡಿಸಿ ವೇಗ ಕಳೆದುಕೊಳ್ಳುತ್ತದೆ. ಫಿನ್ ಎಂಬ ದೊಡ್ಡವರ ದೋಣಿಗೆ ಇದಕ್ಕಾಗಿಯೇ ಒಂದು ಪರೀಕ್ಷೆಯುಂಟು. ದೋಣಿಯನ್ನು ತೊಟ್ಟಿಲಿನಂತೆ ತೂಗುಹಾಕಿ, ಒಮ್ಮೆ ತೂಗಿ ಬರಲು ಎಷ್ಟು ಹೊತ್ತಾಯಿತೆಂದು ಗಡಿಯಾರ ಹಿಡಿದು ನೋಡುತ್ತಾರೆ. ಲಾಂಬೊಲೆ ಎಂಬ ಫ್ರೆಂಚ್ ಗೃಹಸ್ಥನ ಹೆಸರಿನ ಪರೀಕ್ಷೆ ಅದು. ಜೋಗುಳವೊಂದೇ ಬಾಕಿ!

ನಾವು ಕೊಂಡದ್ದು ಮರದ ಹಳೆಯ ದೋಣಿ, ಅರ್ಧ ಬೆಲೆಗೆ. ಹುಡುಗ ಪ್ರತಿ ಸಲವೂ ಕಡೆಯವನು. "ಎಲ್ಲರದೂ ಒಂದೇ ದೋಣಿ, ನಿನ್ನ ಕೈಯೇ ಸರಿಯಿಲ್ಲ" ಎಂದು ನಾನು ನಾಲ್ವರೆದುರು ಬೈದೆ. ಅವನು ಮರುಮಾತಾಡಲಿಲ್ಲ.

ಬೇಸಗೆ ರಜೆಗೆ ಬಣ್ಣ ಬಳಿಸಲೆಂದು ದೋಣಿಯನ್ನು ಔರಾದಕ್ಕೆ ತಂದೆವು. ಬಾಗಿಲು, ಕಿಟಕಿ ಬಿಟ್ಟು ಬೇರೇನೂ ಮಾಡದ ನಮ್ಮ ಓಣಿಯ ಬಡಿಗೇರ ಅದನ್ನು ಬೆರಳಿನಿಂದ ತಟ್ಟಿ, "ನೀರ ಕುಡದದ ರೀ ಇದು" ಎಂದ. ಹಲಗೆಯ ಕೊಯ್ದ ಅಂಚುಗಳಿಗೆ ಯಾರೂ ವಾರ್ನಿಷ್ ಕುಡಿಸಿರಲಿಲ್ಲ. ಕಟ್ಟುವಾಗಲೇ ಉಳಿಸಿದ ಕೆಲಸ. ಅಡತಿ ಅಂಗಡಿಯಲ್ಲಿ ಜೋಳದ ಚೀಲ ತೂಗುವ ತಕ್ಕಡಿಗೆ ಇಟ್ಟೆವು: 42 ಕಿಲೊ. ಹುಡುಗ ಮುಳ್ಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. "ಮಾಮಾ, ಏಳು ಕಿಲೊ" ಎಂದನಷ್ಟೆ.

ತಿಂಗಳು ಪೂರ್ತಿ ನೆರಳುಗಾಳಿಯಲ್ಲಿ ಒಣಗಿಸಿದಾಗ ಐದು ಕಿಲೊ ಇಳಿಯಿತು. ಬಡಿಗೇರ ಅಂಚಿಗೆಲ್ಲ ಮೂರು ಸಲ ವಾರ್ನಿಷ್ ಎಳೆದ. ಕೂಲಿ ಎಷ್ಟೆಂದರೆ ಒಂದು ಬಾಗಿಲಿನ ಲೆಕ್ಕ ಹೇಳಿದ. ಮರುವರ್ಷ ಹುಡುಗ ನಡುವಿನ ಸಾಲಿಗೆ ಬಂದ. ಬೋಯಾ ಸುತ್ತುವಾಗ ಅವನು ಈಗಲೂ ಅಗಲವಾಗಿಯೇ ತಿರುಗುತ್ತಾನೆ. ಅದನ್ನು ನಾನು ಹೇಳುವುದಿಲ್ಲ, ಅವನೇ ಹೇಳುತ್ತಾನೆ.