ಹೊಲಕ್ಕೆ ಬಂದ ಕಾಲೇಜು
(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ಇಪ್ಪತ್ತೈದು ವರ್ಷ ನಡೆದು ಬಂದ ದಾರಿಯನ್ನು ಹಿರಿಯರು ಆಗಲೇ ಹೇಳಿದ್ದಾರೆ. ನಾವು ಎಸ್ಸೆಸ್ಸೆಲ್ಸಿ ಮುಗಿಸಿ ಒಕ್ಕಲುತನಕ್ಕೆ ಇಳಿದವರು, ದೊಡ್ಡ ಮಾತು ಬರುವುದಿಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಮಕ್ಕಳು ನಮ್ಮೂರಲ್ಲಿ ಬಂದು ಇದ್ದು ಕಲಿತದ್ದು, ಅವರಿಂದ ನಾವು ಕಲಿತದ್ದು, ಇಷ್ಟು ಹೇಳಿ ಕೂಡುತ್ತೇವೆ.

ರಾಯಚೂರಿನ ಕೃಷಿ ಕಾಲೇಜು ಮೊದಲು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು. 2008ರಲ್ಲಿ ರಾಯಚೂರಿಗೇ ಬೇರೆ ವಿಶ್ವವಿದ್ಯಾಲಯ ಆಯಿತು. ಅಲ್ಲಿ ಬಿ.ಎಸ್ಸಿ. ಕೃಷಿ ನಾಲ್ಕು ವರ್ಷದ ಓದು. ಕೊನೆಯ ವರ್ಷದಲ್ಲಿ ಹುಡುಗ ಹುಡುಗಿಯರನ್ನು ಹಳ್ಳಿಗೆ ಕಳಿಸುತ್ತಾರೆ. ಅದಕ್ಕೆ ಗ್ರಾಮೀಣ ಕೃಷಿ ಕಾರ್ಯಾನುಭವ ಎಂದು ಹೆಸರು. ರೈತರ ಜೊತೆ ಹೊಲಕ್ಕೆ ಹೋಗಿ, ನೋಡಿ, ಮಾಡಿ, ಬರೆದು ತೋರಿಸಿದರೇ ಅಂಕ.

ಬಂದ ಮೊದಲ ವಾರ ಗುಡಿ ಮುಂದೆ ನೆಲ ಸಾರಿಸಿ, ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆದರು. ಹಳ್ಳ ಎಲ್ಲಿ, ಬೋರು ಎಲ್ಲಿ, ಎರೆ ಎಷ್ಟು, ಮಸಾರಿ ಎಷ್ಟು ಎಂದು ನಮ್ಮನ್ನೇ ಕೇಳಿ ಕೇಳಿ ತುಂಬಿದರು. ‘ಇವರಿಗೇನ್ ಬ್ಯಾರೆ ಕೆಲಸ ಇಲ್ಲೇನು’ ಎಂದು ನಾವೆಲ್ಲ ನಕ್ಕೆವು. ನಕ್ಷೆ ಮುಗಿದ ಮೇಲೆ ನಗು ನಿಂತಿತು. ಕೆಳಗಿನ ಹೊಲಗಳಲ್ಲಿ ಎಲ್ಲೆಲ್ಲಿ ಸವಳು ಮೇಲೆ ಬರುತ್ತಿದೆ ಎಂಬುದು ಒಂದೇ ಕಡೆ ಕಂಡಿತು. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ, ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನಮಗೆ ಅನ್ನ ಕೊಟ್ಟಿವೆ. ಆದರೆ ನೀರು ಬಸಿದು ಹೋಗದ ಕಡೆ ಅದೇ ನೀರು ಭೂಮಿ ಕೆಡಿಸುತ್ತದೆ.

ಒಂದು ದಿನ ಒಬ್ಬ ಹುಡುಗಿ ನಮ್ಮ ಹತ್ತಿ ಹೊಲದ ಬದುವಿನ ಮೇಲೆ ನಿಂತು, ‘ಅಣ್ಣಾ, ಎಕರೆಗೆ ಡಿಎಪಿ ಎಷ್ಟು ಹಾಕ್ತೀರಿ? ಯಾಕ ಅಷ್ಟು?’ ಎಂದಳು. ‘ಎರಡು ಚೀಲ. ಬಾಜೂ ಹೊಲದವರೂ ಎರಡೇ ಹಾಕ್ತಾರವ್ವ’ ಎಂದೆವು. ಯಾಕೆ ಎಂಬುದಕ್ಕೆ ಉತ್ತರ ಇರಲಿಲ್ಲ. ಸಂಘದ ಗೊಬ್ಬರ ಹಂಚುವಾಗ ಮುಂದೆ ನಿಲ್ಲುವವರು ನಾವು, ನಮಗೇ ಗೊತ್ತಿಲ್ಲ.

ಮಣ್ಣು ತೆಗೆಯುವುದನ್ನು ಅವಳೇ ತೋರಿಸಿದಳು. ಬದು, ತಿಪ್ಪೆ, ಗಿಡದ ನೆರಳು ಬಿಟ್ಟು, ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ ಆರು ಇಂಚು ಆಳದ ತನಕ ತೆಗೆಯಬೇಕು. ಎಲ್ಲ ಕಲೆಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಬೇಕು. ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡಿ ನೆರಳಲ್ಲಿ ಒಣಗಿಸಬೇಕು. ಪರೀಕ್ಷೆಯ ಚೀಟಿ ಬಂದಾಗ ರಂಜಕ ಬೇಕಾದಷ್ಟಿದೆ, ಸತು ಕಡಿಮೆ ಎಂದಿತ್ತು. 50 ಕಿಲೋ ಡಿಎಪಿ ಚೀಲದಲ್ಲಿ 23 ಕಿಲೋ ರಂಜಕ, 9 ಕಿಲೋ ಸಾರಜನಕ. ಇದ್ದದ್ದನ್ನೇ ಸುರಿದು, ಇಲ್ಲದ್ದನ್ನು ಬಿಟ್ಟು, ಮೇಲೆ ಸಾಲವನ್ನೂ ಹೊತ್ತಿದ್ದೆವು.

ಕಲಿತವರು ನಾವಷ್ಟೇ ಅಲ್ಲ. ಪೇಟೆಯಲ್ಲಿ ಬೆಳೆದ ಹುಡುಗನೊಬ್ಬ ಕೂರಿಗೆ ಹಿಡಿದಾಗ ಸಾಲು ಹಾವು ಹರಿದಂತಾಯಿತು. ನಮ್ಮ ಹಿರಿಯರೊಬ್ಬರು ಅವನ ಕೈಮೇಲೆ ಕೈಯಿಟ್ಟು ಬಿತ್ತಿಸಿದರು. ಮಣ್ಣು ಮುಷ್ಟಿಯಲ್ಲಿ ಹಿಡಿದು ಹದ ನೋಡುವುದನ್ನು ಹೇಳಿಕೊಟ್ಟರು. ‘ಇದು ಓದಿದ್ದೆ ಅಜ್ಜ, ಗೊತ್ತಾಗಿದ್ದು ಇವತ್ತ’ ಎಂದ ಆ ಹುಡುಗ.

ಈಗ ಸಂಘದ ಮುಂದೆ ನಮ್ಮ ಅರಿಕೆ. ಮುಂದೆ ಬರುವ ವಿದ್ಯಾರ್ಥಿಗಳಿಗೆ ಗೋದಾಮಿನ ಪಕ್ಕದ ಕೋಣೆ ಬಿಟ್ಟುಕೊಡೋಣ. ನಮ್ಮ ಹೈಸ್ಕೂಲಿನ ಮಕ್ಕಳನ್ನೂ ಅವರ ಜೊತೆ ಹೊಲಕ್ಕೆ ಕಳಿಸೋಣ. ಬೇಸಿಗೆಯಲ್ಲಿ ಹೊಲ ಖಾಲಿ ಇದ್ದಾಗ ಪ್ರತಿ ಸದಸ್ಯರ ಮಣ್ಣು ಆ ಮಕ್ಕಳೇ ತೆಗೆಯಲಿ. ಚೀಟಿ ನೋಡಿ ಗೊಬ್ಬರ ಕೊಡೋಣ.

‘ಹಂಗಾದ್ರ ಸಂಘದ ಗೊಬ್ಬರ ವ್ಯಾಪಾರ ಕಡಿಮಿ ಆಗ್ತದಲ್ಲ’ ಎಂದು ಆಡಳಿತ ಮಂಡಳಿಯಲ್ಲಿ ಕೇಳಿದವರಿದ್ದಾರೆ. ಕೇಳಿದ್ದು ತಪ್ಪಲ್ಲ. ಆಗುತ್ತದೆ. ಆದರೆ ಚೀಲ ಮಾರಿದ ಲಾಭ ಒಂದು ಹಂಗಾಮಿನದು, ಸದಸ್ಯ ಸಾಲ ತೀರಿಸಲಾರದೆ ಕುಂತರೆ ಆ ನಷ್ಟ ಸಂಘದ್ದೇ. ಸದಸ್ಯನ ಹೊಲ ಉಳಿದರೆ ಸಂಘ ಉಳಿಯುತ್ತದೆ.

ನಮ್ಮ ಮಕ್ಕಳಿಗೆ ‘ಓದದಿದ್ದರೆ ಹೊಲಕ್ಕೆ ಹೋಗಬೇಕಾಗ್ತದ’ ಎಂದು ಹೆದರಿಸುತ್ತೇವೆ. ಓದಿದವರೇ ಹೊಲ ಹುಡುಕಿಕೊಂಡು ಬಂದದ್ದನ್ನು ಕಣ್ಣಾರೆ ಕಂಡ ಮೇಲೆ ಆ ಮಾತು ಇನ್ನು ಆಡಬಾರದು. ತಪ್ಪಾಡಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ.